ದಪ್ಪ ಸ್ವರದ ಗಿಟಾರು

"ಆರು ತಂತಿಯದ್ದಕ್ಕೆ ಒಂಬತ್ತು ಸಾವಿರ, ನಾಲ್ಕು ತಂತಿಯದ್ದಕ್ಕೆ ಹದಿನೆಂಟಾ? ಎರಡು ತಂತಿ ತೆಗೆದದ್ದಕ್ಕೆ ಕೂಲಿ ಬೇರೆಯಾ ಮಾರಾಯ್ರೆ?"

ಕಮಲಾವತಿ ಕೇಳಿದ್ದು ಅಂಗಡಿಯ ಗಿರಿಧರನನ್ನು. ಆದರೆ ಪುತ್ತೂರಿನ ಆ ಮಹಡಿ ಅಂಗಡಿಯಲ್ಲಿ ತಬಲಾ ನೋಡುತ್ತಿದ್ದವರು, ಕೊಳಲು ಊದುತ್ತಿದ್ದವರು ಎಲ್ಲರೂ ತಿರುಗಿ ನೋಡಿದರು. ಗುತ್ತಿಗಾರಿನಲ್ಲಿ ಹಿಟ್ಟಿನ ಮಿಲ್ಲು ನಡೆಸಿ, ಅದರ ಗದ್ದಲದಲ್ಲೇ ಅರ್ಧ ಆಯುಷ್ಯ ಕಳೆದವಳು ಅವಳು. ಈಗ ಮಿಲ್ಲು ನಿಂತಿದೆ, ಕಿವಿಯೂ ಹೆಚ್ಚುಕಡಿಮೆ ನಿಂತಿದೆ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಾಳೆ. ತನ್ನ ಮಾತನ್ನು ಮಾತ್ರ ಇಡೀ ಪೇಟೆಗೆ ಕೇಳಿಸುತ್ತಾಳೆ.

ಮಗಳು ಯಶಸ್ವಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಸುಳ್ಯದ ಹಲ್ಲಿನ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ, ರಜೆಯ ದಿನ ಮದುವೆಗಳ ಆರ್ಕೆಸ್ಟ್ರಾದಲ್ಲಿ ದಪ್ಪ ಸ್ವರದ ಬೇಸ್ ಗಿಟಾರು. ಇಷ್ಟು ಕಾಲ ಬಾರಿಸಿದ್ದು ತಂಡದ ದಿಶಾಂತನ ಗಿಟಾರನ್ನು. ಅವನು ದುಬೈಗೆ ಹೋಗುವಾಗ ಅದನ್ನೂ ಕಟ್ಟಿಕೊಂಡು ಹೋದ. ಬರುವ ಭಾನುವಾರ ಕಡಬದಲ್ಲಿ ಕಾರ್ಯಕ್ರಮ. "ಬೇಸ್ ಇಲ್ಲದಿದ್ರೆ ತೊಂದರೆ ಇಲ್ಲ, ಕೀಬೋರ್ಡಿನಲ್ಲೇ ಒತ್ತುವ" ಎಂದು ತಂಡದವರು ಆಗಲೇ ಹೇಳಿಯಾಗಿತ್ತು. ಒಮ್ಮೆ ಹಾಗೆ ಸುಧಾರಿಸಿದರೆ ತನ್ನ ಜಾಗ ಶಾಶ್ವತವಾಗಿ ಹೋದಂತೆ ಎಂಬುದು ಅವಳಿಗೆ ಗೊತ್ತಿತ್ತು. ಕೂಡಿಟ್ಟ ಸಂಬಳ ಸಾಲದೆ ಅವ್ವನನ್ನು ಕೇಳಿದ್ದಳು. ಕಣ್ಣಾರೆ ನೋಡದೆ ಒಂದು ಪೈಸೆಯೂ ಇಲ್ಲ ಎಂದು ಅವ್ವ ಜೊತೆಗೇ ಹೊರಟು ಬಂದಿದ್ದಳು.

"ಪೀಂ ಅಂತ ಎದ್ದು ಬರುವಂಥದ್ದು ತಕ್ಕೊ ಮಗಾ. ಮೊನ್ನೆ ಮದುವೆ ಹಾಲಿನಲ್ಲಿ ಪಕ್ಕದವರಿಗೆ, 'ಅಗೋ ನನ್ನ ಮಗಳು' ಅಂತ ತೋರಿಸಿದೆ. ಅವಳು ಬಾರಿಸುದು ಯಾವುದು ಅಂತ ಕೇಳಿದರು. ನನಗೆ ಹೇಗೂ ಎಲ್ಲ ಕಲಸಿ ಒಂದೇ ಗದ್ದಲ, ಅವರಿಗೂ ಗೊತ್ತಾಗಲಿಲ್ಲ. ಯಾರಿಗೂ ಕೇಳದ್ದನ್ನು ಯಾಕೆ ಬಾರಿಸುದು?"

ಯಶಸ್ವಿ ಅವ್ವನ ಎದುರಿಗೆ ನಿಂತು ನಿಧಾನವಾಗಿ ಹೇಳಿದಳು: "ನಾನು ಬಾರಿಸುದು ಗೊತ್ತಾಗುದಿಲ್ಲ ಅವ್ವ. ನಿಲ್ಲಿಸಿದರೆ ಎಲ್ಲರಿಗೂ ಗೊತ್ತಾಗ್ತದೆ."

"ಹಾಗಾದರೆ ನಿಲ್ಲಿಸ್ಲಿಕ್ಕೆ ಹದಿನೆಂಟು ಸಾವಿರವಾ!" ಎಂದು ಕಮಲಾವತಿ ಕೊಳಲುಗಳ ಕಪಾಟಿನ ಕಡೆ ತಿರುಗಿ ನಿಂತಳು.

ಗಿರಿಧರ ನಗು ತಡೆದುಕೊಂಡು ಮೂರು ಗಿಟಾರುಗಳನ್ನು ಇಳಿಸಿಟ್ಟ. ಕಪ್ಪಗಿನದು ಅಗ್ಗ, ಆದರೆ ಒತ್ತಿದಲ್ಲೆಲ್ಲ ತಂತಿ ಲೋಹದ ಪಟ್ಟಿಗೆ ತಾಗಿ ಜಿರ್ರೆನ್ನುತ್ತಿತ್ತು. ಕೆಂಪಗಿನದು ಮಿರಮಿರ ಮಿಂಚುತ್ತಿತ್ತು. ಹೆಗಲಿಗೆ ಹಾಕಿ ಕೈ ಬಿಟ್ಟರೆ ಗಿಟಾರಿನ ಕುತ್ತಿಗೆ ನೆಲ ನೋಡುತ್ತಿತ್ತು. ಮೂರನೆಯದಕ್ಕೆ ಯಾವ ಬೆಡಗೂ ಇಲ್ಲ, ಹಳೆ ಬೆಂಚಿನಂಥ ಕಂದು ಬಣ್ಣ. ಯಶಸ್ವಿ ಒಂದು ಕಣ್ಣು ಮುಚ್ಚಿ ಅದರ ಕುತ್ತಿಗೆ ನೆಟ್ಟಗಿದೆಯೇ ನೋಡಿದಳು. ಹೆಗಲಿಗೆ ಹಾಕಿದಳು. ಅದು ಇದ್ದಲ್ಲೇ ನಿಂತಿತು. ಗಿರಿಧರ ಅದರ ವಯರನ್ನು ಸ್ಪೀಕರಿನ ಪೆಟ್ಟಿಗೆಗೆ ಸಿಕ್ಕಿಸಿದ. ಅವಳು ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಒಮ್ಮೆ ಮೀಟಿದಳು.

ಕಪಾಟಿನ ಎದುರಿದ್ದ ಕಮಲಾವತಿ ತಟ್ಟನೆ ತಿರುಗಿದಳು.

ಯಶಸ್ವಿಯ ಬೆರಳು ತಂತಿಯ ಮೇಲೇ ನಿಂತುಬಿಟ್ಟಿತು. ಅವ್ವನನ್ನು ಹಿಂದಿನಿಂದ ಕರೆದರೆ ಪ್ರಯೋಜನವಿಲ್ಲದೆ ಎಷ್ಟೋ ಕಾಲವಾಗಿತ್ತು. ಹೋಗಿ ಭುಜ ಮುಟ್ಟಬೇಕಿತ್ತು.

"ಈಗ ಬಾರಿಸಿದ್ದು ನೀನಾ?" ಕಮಲಾವತಿ ಕೇಳಿದಳು. ಈ ಸಲ ಅವಳ ಸ್ವರ ಅಂಗಡಿಯ ಬಾಗಿಲು ದಾಟಲಿಲ್ಲ.

ಸಣ್ಣ ಸ್ವರಗಳು ಹೋಗಿವೆ, ದಪ್ಪ ಸ್ವರಗಳು ಉಳಿದಿವೆ ಎಂದು ಕಿವಿಯ ಡಾಕ್ಟರು ಹಿಂದೊಮ್ಮೆ ಹೇಳಿದ್ದರು. ಯಶಸ್ವಿ ಆಗ ತಲೆ ಆಡಿಸಿದ್ದಳಷ್ಟೇ. ಅದರ ಅರ್ಥ ಆದದ್ದು ಈಗ. ಅವಳು ಪೆಟ್ಟಿಗೆಯ ಸದ್ದು ಕೊಂಚ ಏರಿಸಿ, ಮದುವೆಗಳಲ್ಲಿ ಬಾರಿಸುವ ನಿಧಾನದ ಒಂದು ನಡೆಯನ್ನು ಶುರುಮಾಡಿದಳು. ಕಮಲಾವತಿ ಬೇಕೆಂದೇ ಗೋಡೆಯ ಕಡೆ ಮುಖ ಮಾಡಿ ನಿಂತಳು.

"ಮೇಲೆ ಹೋಯ್ತು," ಎಂದಳು. "ಈಗ ಕೆಳಗೆ ಬಂತು. ಈಗ ಅಲ್ಲಿಯೇ ಸುತ್ತುತ್ತಾ ಉಂಟು… ನಿಲ್ಲಿಸಿದೆ ಯಾಕೆ? ಬಾರಿಸು!"

ಕೊಳಲಿನವರು ಕೊಳಲು ಕೆಳಗಿಟ್ಟರು. ಗಿರಿಧರ ಕೆಂಪಗಿನದನ್ನೂ ಸಿಕ್ಕಿಸಿ ಕೊಟ್ಟ. ಕಮಲಾವತಿ ಒಂದು ಕ್ಷಣ ಕೇಳಿ ಕೈ ಆಡಿಸಿದಳು. "ಇದಕ್ಕೆ ಗಂಟಲು ಕಟ್ಟಿದೆ. ಆ ಬೆಂಚಿನ ಬಣ್ಣದ್ದೇ ಆಗ್ಲಿ. ನೀವು ಸ್ವಲ್ಪ ಬಿಡಿ, ನಾವು ಸ್ವಲ್ಪ ಹಾಕುವ."

ಗಿರಿಧರ ಬಿಟ್ಟ. ಆದರೂ ಚೀಲಕ್ಕೆ ದುಡ್ಡು ಉಳಿಯಲಿಲ್ಲ. ಬರಿಮೈಯ ಗಿಟಾರನ್ನು ಹೊತ್ತು ಇಬ್ಬರೂ ಸುಳ್ಯದ ಬಸ್ಸು ಹತ್ತಿದರು. ಕೂತ ಮೇಲೆ ಅದು ಇಬ್ಬರ ತೊಡೆಯ ಮೇಲೂ ಅಡ್ಡ ಮಲಗಿತು. ಟಿಕೆಟು ಹರಿಯುತ್ತಾ ಬಂದ ಕಂಡಕ್ಟರಿಗೆ ಅದನ್ನು ಕಂಡು ಮುಂದೆ ಹೋಗಲು ಮನಸ್ಸಾಗಲಿಲ್ಲ.

"ಒಂದು ಪದ್ಯ ಆಗ್ಲಿ ಅಕ್ಕ."

"ಇದು ಕರೆಂಟಿಂದು. ಹೀಗೆ ಬಾರಿಸಿದರೆ ನಿಮಗೆ ಕೇಳುದಿಲ್ಲ," ಎಂದಳು ಯಶಸ್ವಿ. ಆದರೂ ಹೊಸ ತಂತಿ, ಬೆರಳು ಸುಮ್ಮನಿರಲಿಲ್ಲ. ಅಂಗಡಿಯಲ್ಲಿ ಬಾರಿಸಿದ್ದನ್ನೇ ಮತ್ತೆ ಬಾರಿಸಿದಳು. ಇಂಜಿನ್ನಿನ ಗುರುಗುರು ಅದನ್ನು ಪೂರ್ತಿ ನುಂಗಿತು. ಮುಂದಿನ ಸೀಟಿನವರು ತಿರುಗಿ ಕಿವಿಗೆ ಕೈ ಹಿಡಿದರು. "ಎಂತದೂ ಇಲ್ಲ ಮಾರಾಯ್ರೆ!" ಎಂದು ಕಂಡಕ್ಟರ್ ನಕ್ಕ. ಅವನ ಜೊತೆ ಅರ್ಧ ಬಸ್ಸು ನಕ್ಕಿತು.

ಯಶಸ್ವಿಯೂ ನಗುತ್ತಾ ಪಕ್ಕಕ್ಕೆ ನೋಡಿದಳು. ಅವ್ವ ಬಗ್ಗಿ, ಗಿಟಾರಿನ ಮರಕ್ಕೆ ಕಿವಿಯನ್ನೂ ಕೆನ್ನೆಯನ್ನೂ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದಳು. ಒಂದು ಕೈಯನ್ನು ಮಾತ್ರ ಮೇಲೆತ್ತಿ ಇಡೀ ಬಸ್ಸಿಗೆ ಹೇಳಿದಳು:

"ಸ್ವಲ್ಪ ಸುಮ್ಮನಿರಿ ನೀವೆಲ್ಲ. ಪದ್ಯ ಕೇಳ್ತಾ ಉಂಟು."