ಬೂದು ಬಣ್ಣದ ದೋಣಿ

ಈಗಲೂ ಎಲ್ಲಾದರೂ ಹೊಸ ಪೇಂಟಿನ ವಾಸನೆ ಬಂದರೆ ನನಗೆ ನಮ್ಮೂರು ಕೇಣಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಎಂಟು ವರ್ಷ. ಅಮ್ಮನ ತಮ್ಮ ಮುಂಬಯಿಯ ಹಡಗುಕಟ್ಟೆಯಲ್ಲಿ ಯುದ್ಧದ ಹಡಗುಗಳಿಗೆ ಬಣ್ಣ ಹೊಡೆಯುತ್ತಿದ್ದ. ರಜೆಗೆ ಬರುವಾಗ ಉಳಿದ ಬೂದು ಬಣ್ಣದ ಡಬ್ಬಿಯೊಂದನ್ನು ತಂದಿದ್ದ. ಮರಳಿನ ಮೇಲೆ ಬೋರಲು ಹಾಕಿದ್ದ ಅಪ್ಪನ ದೋಣಿಗೆ ಇಬ್ಬರೂ ಅದನ್ನು ಬಳಿಯತೊಡಗಿದರು. ನಾನೂ ನಾರಿನ ಕುಂಚ ಹಿಡಿದೆ. ಬಣ್ಣ ಮೊಸರಿನಷ್ಟು ದಪ್ಪಗಿತ್ತು.

"ಮಾಮಾ, ಯುದ್ಧದ ಹಡಗಿಗೆ ಕೆಂಪು ಬಣ್ಣ ಎಂತಕ್ಕೆ ಹೊಡೀದಿಲ್ಲ?" ಎಂದು ಕೇಳಿದೆ.

"ದೂರದಿಂದ ಸಮುದ್ರ, ಮೋಡ ಎರಡೂ ಇದೇ ಬಣ್ಣ ಅಲ್ವಾ ಮಗಾ? ಅದ್ರೊಳಗೆ ಹಡಗು ಕರಗಿ ಹೋಗ್ತದೆ. ವೈರಿಗೆ ಕಾಣೂದಿಲ್ಲ."

ಅಪ್ಪ ನಕ್ಕ. "ನಂಗೆ ಯಾರು ವೈರಿ? ಮೀನಿಗೆ ಕಾಣದಿದ್ರೆ ಸಾಕು."

ಬಣ್ಣ ಒಣಗಿದ ಮೇಲೆ ಅಪ್ಪ, ಪಕ್ಕದ ಮನೆಯ ಬೊಮ್ಮಯ್ಯ ಅದರಲ್ಲಿ ಮೀನಿಗೆ ಹೋದರು. ಸಂಜೆ ಗಾಳಿ ಎದ್ದಿತು. ಇಬ್ಬರೂ ಬರಲಿಲ್ಲ. ಮರುದಿನ ಮಾಮ ಊರವರ ದೋಣಿ ಹತ್ತಿ ದಿನವಿಡೀ ಹುಡುಕಿ ಬರಿಗೈಯಲ್ಲಿ ಬಂದ.

ಮೂರನೆಯ ದಿನ ಬೇಲೆಕೇರಿಯ ದಡದಲ್ಲಿ ಬೊಮ್ಮಯ್ಯನೊಬ್ಬನೇ ಸಿಕ್ಕ. ನಮ್ಮ ಅಂಗಳದಲ್ಲಿ ಕೂತು ಹೇಳಿದ: "ಮಗುಚಿದ ದೋಣಿ ಹಿಡ್ಕೊಂಡೇ ಇದ್ವಿ. ಹುಡುಕೂಕೆ ಬಂದವ್ರು ಎರಡು ಸಲ ಹತ್ರನೇ ಹಾದು ಹೋದ್ರು. ಎಷ್ಟು ಕೂಗಿದ್ರೂ ಗಾಳಿಗೆ ಕೇಳ್ಲಿಲ್ಲ. ನಾವು ಅವ್ರ ಕಣ್ಣಿಗೂ ಬೀಳ್ಲಿಲ್ಲ."

ಅಮ್ಮ ಮಾಮನಿಗೆ ಗಂಜಿ ಬಡಿಸಿ, "ಉಣ್ಣು ತಮ್ಮಾ" ಎಂದಳು. ಅವನು ಮುಟ್ಟದೆ ಎದ್ದು ಹೋದ.

ಮಾಮ ಮತ್ತೆ ಮುಂಬಯಿಗೆ ಹೋಗಲಿಲ್ಲ. ನನ್ನ ಮದುವೆಯವರೆಗೂ ದುಡಿದು ನಮ್ಮನ್ನು ಸಾಕಿದ. ಆದರೆ ಅಮ್ಮನ ಮುಖ ನೋಡಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.