ದಿಮ್ಮಿಯ ಮೇಲಿದ್ದ ಹನ್ನೊಂದು ಅಣಬೆ

ತಟ್ಟೆಯಲ್ಲಿ ಜೆಲ್ಲಿ ಅಲುಗಿದರೆ ಈಗಲೂ ನನಗೆ ಆ ಮಂಗಳವಾರದ ಮಧ್ಯಾಹ್ನ ನೆನಪಾಗುತ್ತದೆ.

ಕೆಮ್ಮಣ್ಣುಗುಂಡಿಯ ಕೆಳಗೆ ನಮ್ಮ ಮನೆಯ ಹಿಂದೆ ಬಿದ್ದಿದ್ದ ದಿಮ್ಮಿಯ ಮೇಲೆ ಕಂದು ಅಣಬೆಗಳು ಎದ್ದಿದ್ದವು. ಕಿವಿಯಂತೆ ಮಡಚಿಕೊಂಡು ತಣ್ಣಗಿದ್ದವು, ಮುಟ್ಟಿದರೆ ನಡುಗುತ್ತಿದ್ದವು. ಅವನ್ನು ಮುಟ್ಟಿದರೆ ಅಜ್ಜಿ ಕೈ ತೊಳೆಸದೆ ಒಳಗೆ ಬಿಡುತ್ತಿರಲಿಲ್ಲ. ನಾನು ದಿನವೂ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅಂದು ಬೆಳಿಗ್ಗೆ ಹನ್ನೊಂದಿದ್ದವು. ಮಧ್ಯಾಹ್ನಕ್ಕೆ ಎಂಟೇ ಉಳಿದಿದ್ದವು. ಪಕ್ಕದಲ್ಲಿ ನಾಲ್ಕು ವರ್ಷದ ತಂಗಿ ಏನನ್ನೋ ಅಗಿಯುತ್ತಿದ್ದಳು.

ಅದು ಜೆಲ್ಲಿ ಎಂದು ಹಿಂದಿನ ದಿನ ಅವಳಿಗೆ ಹೇಳಿದ್ದವಳು ನಾನು.

ಅಮ್ಮ ಅವಳ ಗಂಟಲಿಗೆ ಬೆರಳು ಹಾಕಿದರೂ ಏನೂ ಬರಲಿಲ್ಲ. "ಅತ್ತೆ, ವಿಷ ಇದ್ರೆ? ತರೀಕೆರೆ ಬಸ್ಸೂ ಹೋಯ್ತಲ್ಲ!" ಎಂದು ಅಳತೊಡಗಿದಳು.

"ಎಷ್ಟು ತಿಂದ್ಳೇ?" ಅಜ್ಜಿ ನನ್ನನ್ನು ಕೇಳಿದಳು.

"ಮೂರು."

"ಎಣಿಸೋಕೆ ಗೊತ್ತು, ಕಾಯೋಕೆ ಗೊತ್ತಿಲ್ಲ ನಿಂಗೆ."

ಅಜ್ಜಿ ದಿಮ್ಮಿಯಿಂದ ಇನ್ನೊಂದನ್ನು ಕಿತ್ತು, ಕಣ್ಣು ಮುಚ್ಚಿ ನುಂಗಿದಳು. "ನನ್ನ ತೌರಲ್ಲಿ ಇದರ ಸಾರೇ ಮಾಡ್ತಿದ್ರು. ಅಳ್ಬೇಡ ಕಣೇ," ಎಂದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ತಂಗಿ, ಅಜ್ಜಿ ಇಬ್ಬರ ಮುಖವನ್ನೂ ನೋಡುತ್ತ ಕೂತೆ. ಸಂಜೆ ತಂಗಿ ಹಸಿವೆಂದಾಗ ಅಜ್ಜಿಯೇ ಎದ್ದು ಅನ್ನ ಬಡಿಸಿದಳು. ಆಮೇಲೆ ನಾನು ಬರೆದೆ: ತಂಗಿ ಮೂರು, ಅಜ್ಜಿ ಒಂದು, ದಿಮ್ಮಿಯಲ್ಲಿ ಏಳು.

ಜೆಲ್ಲಿ ಅಂದವಳು ಯಾರೆಂದು ಮಾತ್ರ ಬರೆಯಲಿಲ್ಲ.