ಶೇರಿಂಗ್ ಕಾರಿನಲ್ಲಿ ಮಾವ

ಕುರುಗೋಡಿನಲ್ಲಿ ಶೇರಿಂಗ್ ಕಾರು ನಿಂತು, ಬಾಗಿಲು ತೆಗೆದು ಪಕ್ಕಕ್ಕೆ ಬಂದು ಕೂತವರು ತನ್ನ ಮಾವ ವಿರೂಪಾಕ್ಷಪ್ಪ ಎಂದು ಗೊತ್ತಾದಾಗ, ಸಿರುಗುಪ್ಪದಿಂದ ಬರುತ್ತಿದ್ದ ಅಮರೇಶನಿಗೆ ಇಳಿದು ಓಡಿಬಿಡಬೇಕು ಅನಿಸಿತು. ಪರಿಚಯದವರ ಕಣ್ಣಿಗೆ ಬೀಳಬಾರದೆಂದೇ ಅವನು ಬಸ್ಸು ಬಿಟ್ಟು, ಮೊಬೈಲಿನಲ್ಲಿ ಈ ಕಾರಿನ ಒಂದು ಸೀಟು ಹಿಡಿದಿದ್ದ. ಬಸ್ಸಾಗಿದ್ದರೆ ಹಿಂದಿನ ಸೀಟಿಗಾದರೂ ಎದ್ದು ಹೋಗಬಹುದಿತ್ತು.

"ಏನ್ರಿ ಅಳಿಯಂದ್ರ, ಬಳ್ಳಾರಿಗೇನು?" ಮಾವನ ದನಿ ಯಾಕೋ ತಡವರಿಸಿತು.

"ಹೂಂನ್ರಿ ಮಾವಾರ, ಗಾಂಧಿನಗರದಾಗ ಒಬ್ಬರನ್ನ ನೋಡೋದೈತಿ. ನೀವು?"

"ಗೊಬ್ಬರದ ಅಂಗಡಿಗಿ."

ಅಮರೇಶನ ಬಯಾಪ್ಸಿ ರಿಪೋರ್ಟ್ ಇವತ್ತು ಬರುವುದಿತ್ತು. ತುಂಬಿದ ಬಸುರಿ ಹೆಂಡತಿ ಗಂಗೋತ್ರಿಗೂ ಅವನು ಹೇಳಿರಲಿಲ್ಲ. ಈಗ ಅವಳ ಅಪ್ಪನ ಮೊಣಕಾಲು ತನ್ನ ಮೊಣಕಾಲಿಗೆ ಒತ್ತುತ್ತಿದೆ. ಎಸಿಗೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಬಾದನಹಟ್ಟಿ ದಾಟುವವರೆಗೂ ಅವನು ಕಿಟಕಿಯಾಚೆಗೇ ನೋಡುತ್ತ ಕೂತ.

ಬಳ್ಳಾರಿ ಹತ್ತಿರವಾದಾಗ ಡ್ರೈವರ್ ತನ್ನ ಮೊಬೈಲಿನಲ್ಲಿ ಇಬ್ಬರೂ ಇಳಿಯುವ ಜಾಗ ನೋಡಿದ. "ನಿಮ್ಮಿಬ್ಬರದೂ ಕ್ಯಾನ್ಸರ್ ಆಸ್ಪತ್ರಿನ ಐತಲ್ರಿ. ಗೇಟಿಗೇ ಇಳಿಸ್ಲೇನ್ರಿ, ಒಳಗ ಬಿಡ್ಲೇನ್ರಿ?"

ಅಮರೇಶ ಮೆಲ್ಲಗೆ ತಿರುಗಿದ. ಮಾವ ಅವನನ್ನೇ ನೋಡುತ್ತಿದ್ದರು.

"ಹೊಟ್ಟ್ಯಾಗ ಗಡ್ಡಿ ಐತಂತ್ರಿ," ಎಂದರು ವಿರೂಪಾಕ್ಷಪ್ಪ. "ಗಂಗೋತ್ರಿಗಿ ಹೇಳಬ್ಯಾಡ್ರಿ. ಬಸುರಿ ಅದಾಳ."

"ನೀವೂ ನನ್ನ ವಿಷಯ ಹೇಳಬ್ಯಾಡ್ರಿ, ಮಾವಾರ."

ವಿರೂಪಾಕ್ಷಪ್ಪ ಅಳಿಯನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಡ್ರೈವರಿಗೆ ಹೇಳಿದರು:

"ಒಳಗ ಬಿಡಪಾ. ಇಬ್ಬರನ್ನೂ."